ನನ್ನ ಏರಿಯಲ್, ಅವ್ವನ ಮಡಿ ಸೀರೆ

ಪುಣೆಯ ನಮ್ಮ ಬಾಡಿಗೆ ಮನೆಯ ಗಚ್ಚಿಯ ಮೇಲೆ, ಅಂದರೆ ತೆರೆದ ಮಾಳಿಗೆಯ ಮೇಲೆ, ನಾನು ಕಟ್ಟಿದ ರೇಡಿಯೋ ಏರಿಯಲ್ಲನ್ನು ಗಾಳಿ ಬೀಳಿಸಿತು, ಕೋತಿ ಜಗ್ಗಿತು, ಓಣಿಯ ಹುಡುಗರ ಗಾಳಿಪಟದ ದಾರ ಸುತ್ತಿಕೊಂಡು ಹರಿಯಿತು. ಅದನ್ನೆಲ್ಲ ನಾನು ಸಹಿಸಿಕೊಂಡೆ. ಸಹಿಸಲು ಆಗದೆ ಹೋದದ್ದು ನಮ್ಮ ಅವ್ವನ ಮಡಿ ಸೀರೆಯನ್ನು. ಈಗಲೂ ಅದನ್ನು ನೆನೆದರೆ ನನ್ನ ಮೈ ಉರಿಯುತ್ತದೆ, ಆಮೇಲೆ ಇನ್ನೇನೋ ಆಗುತ್ತದೆ.

ನಾವು ಧಾರವಾಡದ ಕಡೆಯವರು. ಮಿಲಿಟರಿ ಲೆಕ್ಕದ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತೆಂದು ಪುಣೆಗೆ ಬಂದು, ಪೇಠೆಯೊಳಗಿನ ಹಳೆಯ ವಾಡೆಯೊಂದರಲ್ಲಿ ಮೇಲಿನ ಎರಡು ಖೋಲಿ ಹಿಡಿದಿದ್ದೆ. ನಾನು, ನನ್ನ ಹೆಂಡತಿ, ಅವ್ವ. ಹಗಲೆಲ್ಲ ಅಂಕಿ ಕೂಡಿಸಿ ಕಳೆದು ಮನೆಗೆ ಬಂದವನಿಗೆ ಹವ್ಯಾಸಿ ರೇಡಿಯೋದ ಹುಚ್ಚು. ನಾವೇ ಜೋಡಿಸಿದ ಡಬ್ಬಿಯಿಂದ ಮೋರ್ಸ್ ಸಂಕೇತ ಕಳಿಸಿ, ಕಾಣದ ಊರಿನ ಕಾಣದ ಮನುಷ್ಯನ ಜೊತೆ ಮಾತಾಡಲು ಸರಕಾರ ಲೈಸನ್ಸ್ ಕೊಡುತ್ತಿದ್ದ ಕಾಲ ಅದು. ಅದಕ್ಕೆ ಪರೀಕ್ಷೆ ಕೊಟ್ಟೆ. ಪೊಲೀಸರು ಮನೆಗೆ ಬಂದು ನಾನು ಎಂಥವನೆಂದು ವಿಚಾರಿಸಿಕೊಂಡು ಹೋದರು. ಕಡೆಗೊಮ್ಮೆ ಲೈಸನ್ಸ್ ಕೈಗೆ ಬಂತು, ನನ್ನದೇ ಒಂದು ಕರೆ-ಹೆಸರೂ ಸಿಕ್ಕಿತು. ಇನ್ನು ಬೇಕಾಗಿದ್ದದ್ದು ಇಷ್ಟೇ: ನಾನು ಆ ಹೆಸರು ಹೇಳಿ ಕೂಗಬೇಕು, ಎಲ್ಲಿಂದಲೋ ಯಾರೋ ಅದೇ ಹೆಸರು ಹಿಡಿದು ನನ್ನನ್ನು ತಿರುಗಿ ಕೂಗಬೇಕು. ಒಮ್ಮೆ ಕೂಗಿದರೂ ಸಾಕಿತ್ತು.

ಡಬ್ಬಿ ಮಾಡುವುದು ಕಷ್ಟವಾಗಲಿಲ್ಲ. ಏರಿಯಲ್ ಕಟ್ಟುವುದರಲ್ಲಿ ನನ್ನ ಜೀವ ಹೋಯಿತು. ಬಿದಿರು ಮಾರುವ ಓಣಿಯಿಂದ ಎರಡು ಉದ್ದನೆಯ ಗಳ ತಂದೆ. ಅವು ವಾಡೆಯ ಬಾಗಿಲಲ್ಲಿ ತಿರುಗಲಿಲ್ಲ, ಮೆಟ್ಟಿಲಲ್ಲಿ ಹಿಡಿಯಲಿಲ್ಲ. ಹಗ್ಗ ಹಾಕಿ ಹೊರಗಿನಿಂದ ಎಳೆದುಕೊಳ್ಳುವಾಗ ಕೆಳಗೆ ನಿಂತಿದ್ದ ವಾಡೆಯ ಮಾಲಕರು ಎರಡೂ ಕೈ ಮೇಲೆತ್ತಿ, "ಅಹೋ, ವೀಜ ಪಡೇಲ! ಸಗಳಾ ವಾಡಾ ಜಳೇಲ!" ಎಂದು ಕೂಗಿದರು. ಸಿಡಿಲು ಬಿದ್ದು ವಾಡೆಯೆಲ್ಲ ಸುಟ್ಟುಹೋಗುತ್ತದೆ ಎಂಬುದು ಅವರ ಹೆದರಿಕೆ. ತಂತಿಯಿಂದ ನೆಲಕ್ಕೆ ಇನ್ನೊಂದು ತಂತಿ ಇಳಿಸುತ್ತೇನೆ, ಸಿಡಿಲು ಬಂದರೆ ಅದರಲ್ಲಿ ಇಳಿದು ಹೋಗುತ್ತದೆ ಎಂದು ಮರಾಠಿಯಲ್ಲಿ ತಿಳಿಸಿ ಹೇಳುವಷ್ಟರಲ್ಲಿ ಒಂದು ಗಳ ಜಾರಿ ಅವರ ತುಳಸಿ ಕಟ್ಟೆಯ ಮೂಲೆ ಕೆತ್ತಿತು. ಮುಂದಿನ ಭಾನುವಾರವೆಲ್ಲ ಸುಣ್ಣ ಗಾರೆ ಕಲಸಿ ಆ ಮೂಲೆ ಮೆತ್ತುವುದರಲ್ಲೇ ಕಳೆಯಿತು.

ಅಂತೂ ಗಚ್ಚಿಯ ಎರಡು ತುದಿಗೆ ಎರಡು ಗಳ ನಿಂತವು. ನಡುವೆ ತಾಮ್ರದ ತಂತಿ, ಎರಡೂ ಕಡೆ ಪಿಂಗಾಣಿಯ ಬಿಲ್ಲೆ, ಒಂದು ತುದಿಯಿಂದ ನನ್ನ ಖೋಲಿಯ ಕಿಟಕಿಗೆ ಇಳಿದು ಬರುವ ಎಳೆ. ಕೈಯೆಲ್ಲ ಸಿಬಿರು ಚುಚ್ಚಿತ್ತು, ಆದರೂ ನನಗೆ ಊರು ಗೆದ್ದಷ್ಟು ಸಂತೋಷ. ಇಡೀ ವಾಡೆಗೆ ಕೇಳುವಂತೆ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಸಾರಿದೆ: "ಈ ತಂತಿ ಯಾರೂ ಮುಟ್ಟಬಾರದು. ದೊಡ್ಡವರಿಲ್ಲ, ಸಣ್ಣವರಿಲ್ಲ, ಯಾರೂ!"

ಹಾಗೆ ಸಾರಿದ್ದೇ ನನಗೆ ಮುಳುವಾಯಿತು.

ಅವ್ವ ಮಡಿ ಹೆಂಗಸು. ನನ್ನ ಅಪ್ಪ ತೀರಿಕೊಂಡಾಗಿನಿಂದ ತಲೆ ಬೋಳಿಸಿ, ಕೆಂಪು ಸೀರೆ ಉಟ್ಟು, ದಿನಕ್ಕೆ ಒಂದೇ ಹೊತ್ತು ತಾನೇ ಬೇಯಿಸಿಕೊಂಡು ಉಣ್ಣುತ್ತಿದ್ದಳು. ಮಡಿಯ ಸೀರೆಯನ್ನು ಬೆಳಗ್ಗೆ ಸ್ನಾನ ಮಾಡಿ ಒಗೆದು ಎತ್ತರದಲ್ಲಿ ಕೋಲಿನಿಂದ ಹರವಿದರೆ, ಮರುದಿನ ಬೆಳಗ್ಗೆ ಮತ್ತೆ ಸ್ನಾನ ಮಾಡಿ ಬಂದು ತಾನೇ ಇಳಿಸಿಕೊಳ್ಳುವವರೆಗೆ ಅದನ್ನು ಯಾರೂ ಸೋಕುವಂತಿಲ್ಲ. ಸೋಕಿದರೆ ಮರುದಿನ ಅವಳು ಒಲೆ ಹಚ್ಚುವುದಿಲ್ಲ, ಉಪವಾಸ. ಹತ್ತು ಮನೆಯವರು ಓಡಾಡುವ ವಾಡೆಯಲ್ಲಿ ಇಂಥ ಸೀರೆಗೆ ಜಾಗವೆಲ್ಲಿ? ಬಂದಾಗಿನಿಂದ ಅವಳು ಅದನ್ನು ಅಡಿಗೆ ಖೋಲಿಯ ಹೊಗೆಯಲ್ಲೇ ಒಣಗಿಸಿ, ಹೊಗೆಯ ವಾಸನೆಯಲ್ಲೇ ದೇವರ ಮುಂದೆ ಕೂರುತ್ತಿದ್ದಳು. ಅಂಥವಳ ಕಿವಿಗೆ ನನ್ನ ಸಾರಿಕೆ ಬಿತ್ತು. ಬಿಸಿಲಿನಲ್ಲಿ, ಗಾಳಿಯಲ್ಲಿ, ಯಾರೂ ಮುಟ್ಟಬಾರದ ತಂತಿ!

ಮರುದಿನ ಸಂಜೆ ಕಚೇರಿಯಿಂದ ಬಂದು ನೋಡುತ್ತೇನೆ, ಗಚ್ಚಿಯ ಈ ತುದಿಯಿಂದ ಆ ತುದಿಯವರೆಗೆ ಕೆಂಪು ಸೀರೆ ಹಾರಾಡುತ್ತಿದೆ. ತಂತಿ ಜೋತುಬಿದ್ದು ಹೊಟ್ಟೆ ಬಿಟ್ಟಿದೆ. ಎರಡೂ ಗಳ ಒಂದಕ್ಕೊಂದು ನಮಸ್ಕಾರ ಮಾಡುತ್ತಿವೆ.

"ಅವ್ವಾ! ಇದೇನು ಮಾಡೀದಿ?" ಎಂದು ಚೀರಿದೆ.

"ಯಾರೂ ಮುಟ್ಟಬಾರದು ಅಂತ ನೀನ ಹೇಳಿದ್ಯಲ್ಲೋ," ಎಂದಳು, ನನ್ನ ಸಿಟ್ಟು ಅವಳಿಗೆ ಅರ್ಥವೇ ಆಗದೆ. "ಇಷ್ಟ ದಿನದಾಗ ನನ್ನ ಕಷ್ಟ ನಿನಗ ಇವತ್ತ ತಿಳೀತು ಅಂತ ಭಾಳ ಸಂತೋಷ ಆತಪ್ಪ. ಮಡಿ ತಂತಿ ಕಟ್ಟಿಸಿಕೊಟ್ಟಿ."

ಇದು ನಿನಗಲ್ಲ, ಯಾವ ಊರಿನವನೋ ಗೊತ್ತಿಲ್ಲದ ಒಬ್ಬನಿಗೆ ಎಂದು ಹೇಳಿದೆ. ಅವಳು ನನ್ನನ್ನೇ ನೋಡಿದಳು. "ಅವನ ಮಾತು ಗಾಳ್ಯಾಗ ಬರತದ ಅಂತೀ. ಗಾಳ್ಯಾಗ ಬರೋ ಮಾತಿಗೆ ನನ್ನ ಸೀರಿ ಹ್ಯಾಂಗ ಅಡ್ಡ ಬರತದೋ?"

ಅಡ್ಡ ಬರುತ್ತಿತ್ತು. ಸೀರೆ ಗಾಳಿ ತುಂಬಿಕೊಂಡು ತಂತಿಯನ್ನು ಅಲ್ಲಾಡಿಸಿದಂತೆಲ್ಲ ನನ್ನ ಸಂಕೇತದ ದನಿಯೂ ಏರಿ ಇಳಿದು ಅಳುಬುರುಕವಾಗುತ್ತಿತ್ತು. ಮಳೆಗಾಲದಲ್ಲಿ ಒದ್ದೆ ಸೀರೆಯ ಭಾರಕ್ಕೆ ತಂತಿ ಗಚ್ಚಿಯ ತಗಡಿನ ಚಪ್ಪರದವರೆಗೆ ಇಳಿದು, ಆ ತಗಡು ನನ್ನ ಸಂಕೇತದ ಶಕ್ತಿಯನ್ನೆಲ್ಲ ಅಲ್ಲೇ ನುಂಗಿಹಾಕುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಸಿಲೋನಿನವನು ಕಲ್ಕತ್ತೆಯವನನ್ನು ಕೂಗುತ್ತಾನೆ, ಕಲ್ಕತ್ತೆಯವನು ರಂಗೂನಿನವನ ಜೊತೆ ಹವೆಯ ಸುದ್ದಿ ಆಡುತ್ತಾನೆ. ಎಲ್ಲ ನನಗೆ ಸ್ಪಷ್ಟ. ನಾನು ಕೂಗಿದರೆ ಯಾರೂ ಇಲ್ಲ. ಪಂಕ್ತಿಯಲ್ಲಿ ಕೂತ ನನ್ನ ಎಲೆಯೊಂದನ್ನೇ ಬಿಟ್ಟು ಮುಂದಿನ ಎಲೆಗೆ ಬಡಿಸುತ್ತ ಹೋದ ಹಾಗೆ.

ಸೀರೆಯನ್ನು ಎಳೆದು ಕೆಳಗೆ ಹಾಕಿಬಿಡೋಣ ಎಂದು ಎಷ್ಟೋ ಸಲ ಕೈ ತುರಿಸಿತು. ಆದರೆ ಮುಟ್ಟಿದರೆ ಅವ್ವ ಉಪವಾಸ. ಅವಳು ಬೈಯುವವಳಲ್ಲ, ಅಳುವವಳಲ್ಲ, ಸುಮ್ಮನೆ ಉಣ್ಣದೆ ಕೂತುಬಿಡುವವಳು. ಅದಕ್ಕಿಂತ ದೊಡ್ಡ ಪೊಲೀಸು ಬೇಕೇ?

ಉಪಾಯ ಹುಡುಕಿದೆ. ಅವಳಿಗೆಂದೇ ಬೇರೆ ತಂತಿ ಕಟ್ಟಿಕೊಟ್ಟೆ. ಅದರ ಮೇಲೆ ಎರಡನೆಯ ದಿನವೇ ಮಾಲಕರ ಬೆಕ್ಕು ನಡೆಯಿತು, ಅವ್ವ ನನ್ನ ತಂತಿಗೆ ವಾಪಸು ಬಂದಳು. ಗಳಕ್ಕೆ ಗಳ ಕಟ್ಟಿ ತಂತಿಯನ್ನು ಅವಳ ಕೋಲಿಗೆ ಎಟುಕದಷ್ಟು ಎತ್ತರ ಏರಿಸಿದೆ. ಅದೇ ಬಿದಿರಿನ ಓಣಿಗೆ ನನ್ನ ಹೆಂಡತಿಯನ್ನೇ ಕಳಿಸಿ ಅವ್ವ ಇನ್ನೂ ಉದ್ದನೆಯ ಕೋಲು ತರಿಸಿಕೊಂಡಳು. ಹೆಂಡತಿಯ ಮೇಲೆ ಹರಿಹಾಯ್ದೆ. "ನನ್ನ ಮ್ಯಾಲ್ಯಾಕ ಸಿಟ್ಟು ಮಾಡ್ತೀರಿ?" ಎಂದಳು ಆಕೆ. "ಅವರ ಸೀರಿ ದಿನಾ ಒಣಗತದ. ನಿಮ್ಮ ಉತ್ತರ ಒಂದ ದಿನಾನೂ ಬಂದಿಲ್ಲ. ನಾ ಯಾರ ಮಾತು ಕೇಳ್ಲಿ ಹೇಳ್ರಿ?" ಅಂದು ನಾನು ಊಟದ ತಾಟು ದೂಡಿ ಎದ್ದೆ, ಇಬ್ಬರಲ್ಲಿ ಯಾರೂ ನನ್ನನ್ನು ಕರೆಯಲಿಲ್ಲ.

ಆಷಾಢದಲ್ಲಿ ಅವ್ವ ಬಳಗದವರ ಜೊತೆ ಪಂಢರಪುರಕ್ಕೆ ಹೊರಟಳು. ಅವಳನ್ನು ಕಳಿಸಿ ಸ್ಟೇಶನ್ನಿನಿಂದ ನಾನು ಹೆಚ್ಚುಕಡಿಮೆ ಓಡುತ್ತಲೇ ಬಂದೆ. ತಂತಿ ಬರಿದಾಗಿತ್ತು! ಆ ಸಂಜೆಯೇ ಗುಡುಗು. ಹೆಡ್‌ಫೋನಿನಲ್ಲಿ ಹುರಿಗಡಲೆ ಸಿಡಿದ ಹಾಗೆ ಚಟಪಟ, ಮತ್ತೇನೂ ಇಲ್ಲ. ಮರುದಿನ ಗಾಳಿಗೆ ಒಂದು ಗಳ ನಡುವಿಗೇ ಮುರಿಯಿತು. ಮಳೆಯಲ್ಲಿ ನೆನೆಯುತ್ತ, ಉಬ್ಬಿದ ಹಗ್ಗದ ಗಂಟು ಹಲ್ಲಿನಿಂದ ಬಿಚ್ಚುತ್ತ ಅದನ್ನು ಮತ್ತೆ ನಿಲ್ಲಿಸುವ ಹೊತ್ತಿಗೆ ಅವ್ವ ಕೊರಳಲ್ಲಿ ತುಳಸಿ ಮಣಿ ಹಾಕಿಕೊಂಡು ಬಂದಿಳಿದಳು. ಹೊಸ ಗಳ ನೋಡಿ, "ಮೊದಲಿಗಿಂತ ಗಟ್ಟಿ ಮಾಡೀ," ಎಂದು ಮೆಚ್ಚಿಕೊಂಡಳು.

ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧದ ಮಾತು ಬಲವಾಯಿತು, ಒಂದು ದಿನ ಯುದ್ಧವೂ ಶುರುವಾಯಿತು. ಖಾಸಗಿ ರೇಡಿಯೋಗಳನ್ನೆಲ್ಲ ಮುಚ್ಚಿಸುತ್ತಾರಂತೆ, ಲೈಸನ್ಸ್ ರದ್ದಾಗುತ್ತದಂತೆ, ಪೊಲೀಸರು ಬಂದು ಡಬ್ಬಿ ಒಯ್ಯುತ್ತಾರಂತೆ ಎಂದು ಕಚೇರಿಯಲ್ಲಿ ಮೇಲಿನವರೊಬ್ಬರು ಹೇಳಿದರು. ನನ್ನ ಕೈಗೆ ಇನ್ನೂ ಯಾವ ಕಾಗದವೂ ಬಂದಿರಲಿಲ್ಲ, ನಾಳೆ ಬರುವುದು ಖಂಡಿತವಾಗಿತ್ತು. ಸೈಕಲ್ಲನ್ನು ಬಾಗಿಲಲ್ಲೇ ಒಗೆದು ಮೆಟ್ಟಿಲು ಹತ್ತಿದೆ. ಇಷ್ಟು ದಿನದ ಸಿಟ್ಟೆಲ್ಲ ಅಡಿಗೆ ಖೋಲಿಯ ಬಾಗಿಲಲ್ಲಿ ನಿಂತು ಹೆಂಡತಿಯ ಮುಂದೆ ಕಾರಿಕೊಂಡೆ. "ಮುಗೀತು. ನಾಳೆ ಎಲ್ಲಾ ಒಯ್ತಾರ. ನನಗ ಒಬ್ಬನೂ ಉತ್ತರ ಕೊಡಲಿಲ್ಲ. ಒಬ್ಬನರ ಕೊಡಬಾರದಿತ್ತ?" ಎಂದೆ. ಕಡೆಯ ಮಾತಿಗೆ ನನಗೇ ನಾಚಿಕೆಯಾಗಿ ಖೋಲಿಗೆ ಹೋಗಿ ಡಬ್ಬಿಯ ಮುಂದೆ ಕೂತೆ.

ಜಪದ ಮಣಿ ಹಿಡಿದು ಮೂಲೆಯಲ್ಲಿ ಕೂತಿದ್ದ ಅವ್ವ ಎದ್ದದ್ದು ನನಗೆ ಗೊತ್ತಾಗಲಿಲ್ಲ. ಕಿಟಕಿಯ ಎಳೆ ಅಲ್ಲಾಡಿತೆಂದು ಹೊರಗೆ ನೋಡಿದೆ. ಗಚ್ಚಿಯ ಮೇಲೆ ಸಣ್ಣ ಮಳೆ. ಅವ್ವ ಕೋಲಿನಿಂದ ಸೀರೆಯನ್ನು ಸರಿಸುತ್ತಿದ್ದಳು. ಅದು ಗಳದ ಗಂಟಿಗೆ ಸಿಕ್ಕಿಕೊಂಡಿತು. ಒಂದೆರಡು ಸಲ ಜಾಡಿಸಿ ನೋಡಿದವಳು ಕೋಲನ್ನು ಕೆಳಗಿಟ್ಟು, ಜೋತುಬಿದ್ದ ಸೆರಗನ್ನು ಬರಿಗೈಯಲ್ಲಿ ಹಿಡಿದು ಎಳೆದಳು. ಸೀರೆ ಅವಳ ಮೈಮೇಲೆ ಬಿತ್ತು. ಮೈಲಿಗೆಯಲ್ಲಿ, ತನ್ನ ಕೈಯಿಂದಲೇ!

ಒದ್ದೆ ಮುದ್ದೆಯನ್ನು ಕಂಕುಳಲ್ಲಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದು ನಿಂತಳು. "ತಂತಿ ಖಾಲಿ ಮಾಡೀನಿ. ಕೂಗು," ಎಂದಳು.

ಕೂಗಿದೆ. ಯಾರಾದರೂ ಇದ್ದೀರಾ ಎಂದು ಕೇಳುವ ಕರೆ, ಆಮೇಲೆ ನನ್ನ ಹೆಸರು, ಮತ್ತೆ ಅದೇ. ತಂತಿ ನೆಟ್ಟಗಿತ್ತು, ದನಿ ಒಂದಿಷ್ಟೂ ಅಲುಗದೆ ಹೋಗುತ್ತಿತ್ತು. ನನ್ನ ಏರಿಯಲ್ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೂಗಿ ನಿಲ್ಲಿಸಿ ಕಿವಿಗೊಟ್ಟೆ. ಸಿಲೋನಿನವನಿಲ್ಲ, ಕಲ್ಕತ್ತೆಯವನಿಲ್ಲ, ರಂಗೂನಿನವನಿಲ್ಲ. ಎಲ್ಲೋ ಸೈನ್ಯದ ಗುಟ್ಟಿನ ಸಂಕೇತಗಳು ಬಿರುಸಾಗಿ ಓಡುತ್ತಿದ್ದವು. ನನ್ನಂಥವರು ಅಷ್ಟರಲ್ಲಿ ಎಲ್ಲ ಊರುಗಳಲ್ಲೂ ಬಾಗಿಲು ಹಾಕಿಕೊಂಡಿದ್ದರು. ನನ್ನ ತಂತಿ ಬರಿದಾದ ಸಂಜೆಯೇ ಅತ್ತಲೂ ಬರಿದಾಗಿತ್ತು.

"ಬಂತೇನೋ?"

"ಇಲ್ಲವ್ವಾ."

"ಇನ್ನೊಮ್ಮೆ ಕೂಗು. ಊಟಕ್ಕ ಕೂತಿದ್ದಾರು."

ಮತ್ತೆ ಕೂಗಿದೆ. ಅವಳು ಹೊಸ್ತಿಲಲ್ಲಿ ಕೂತಳು. ಸೀರೆಯಿಂದ ನೀರು ತೊಟ್ಟಿಕ್ಕಿ ಅವಳ ಪಾದದ ಹತ್ತಿರ ನಿಂತಿತು. ನಾನು ಹೆಡ್‌ಫೋನ್ ತೆಗೆದಿಡುವವರೆಗೂ ಅವಳು ಏಳಲಿಲ್ಲ. ಮರುದಿನ ಅವಳ ಒಲೆ ಹೊತ್ತಲಿಲ್ಲ.

ಆ ಮಧ್ಯಾಹ್ನವೇ ಹವಾಲ್ದಾರ ಕಾಗದ ಹಿಡಿದು ಬಂದ. ಡಬ್ಬಿ, ಸಂಕೇತ ಬಡಿಯುವ ಕೀ, ವಾಲ್ವು, ಎಲ್ಲ ಒಂದು ಗೋಣಿಗೆ ಹೋದವು. ತಂತಿಯನ್ನೂ ಇಳಿಸಬೇಕೆಂದು ಗಚ್ಚಿಗೆ ಹೋದರೆ ಅವ್ವ ಅಲ್ಲಿ ನಿಂತಿದ್ದಳು, ಸೀರೆ ಮತ್ತೆ ತಂತಿಯ ಮೇಲಿತ್ತು. "ಸೋವಳ್ಯಾಚೀ ತಾರ ಆಹೆ. ಶಿವೂ ನಕಾ," ಎಂದಳು. ಇದು ಮಡಿಯ ತಂತಿ, ಮುಟ್ಟಬೇಡಿ ಎಂದು. ಹವಾಲ್ದಾರ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ. ಕಿಟಕಿಗೆ ಇಳಿದ ಎಳೆಯನ್ನು ಮಾತ್ರ ಕತ್ತರಿಸಿಕೊಂಡು ಹೋದ.

ಅಂದಿನಿಂದ ಯುದ್ಧ ನಡೆದಷ್ಟು ವರ್ಷ ಆ ತಂತಿ ಹಾಗೇ ಇತ್ತು. ನನ್ನನ್ನು ಸುಟ್ಟದ್ದು ಅದಲ್ಲ. ದಿನವೂ ಸಂಜೆ ದೀಪ ಹಚ್ಚುವ ಮುಂಚೆ ಅವ್ವ ಏದುಸಿರು ಬಿಡುತ್ತ ಗಚ್ಚಿಗೆ ಹತ್ತಿ, ಕೋಲಿನಿಂದ ಸೀರೆಯನ್ನು ಎಚ್ಚರಿಕೆಯಿಂದ ಇಳಿಸಿ, ಮತ್ತೆ ಅಡಿಗೆ ಖೋಲಿಯ ಹೊಗೆಯಲ್ಲಿ ಹರವುತ್ತಿದ್ದಳು. ಬೇಕಾಗಿದ್ದಾಗ ಆ ಕಡೆಯ ಸಂಜೆಯವರೆಗೆ ತೆಗೆಯದವಳು ಈಗ ಒಂದು ಸಂಜೆಯೂ ತಪ್ಪಿಸಲಿಲ್ಲ. ನೋಡಿ ನೋಡಿ ಒಮ್ಮೆ ನನಗೆ ತಡೆಯಲಿಲ್ಲ.

"ಈಗ ಯಾಕ ತಗೀತಿ? ಡಬ್ಬೀನೇ ಇಲ್ಲ, ಎಳೀನೂ ಕತ್ತರಿಸ್ಯಾರ. ಯಾರು ಕೂಗಿದ್ರೂ ನನಗ ಕೇಳಸಂಗಿಲ್ಲವ್ವಾ!"

ಅವ್ವ ಕೋಲನ್ನು ಗೋಡೆಗೆ ಆನಿಸಿ, ಸೊಂಟ ಹಿಡಿದುಕೊಂಡು ತಂತಿಯನ್ನು ನೋಡಿದಳು.

"ನಿನಗ ಕೇಳಸಂಗಿಲ್ಲ ಅಂತ ಅವನಿಗೆ ಹ್ಯಾಂಗ ಗೊತ್ತಾಗಬೇಕೋ?" ಎಂದಳು. "ಅವ ಕೂಗಿದಾಗ ನಮ್ಮ ಸೀರಿ ಅಡ್ಡ ಇರಬಾರದು."