ಟಕಟಕಮ್ಮ ಸುತ್ತು ಕೂಡಿಸಿದ್ದು

ದಿಂಬಿನ ಮೇಲೆ ದಾರ ಸುತ್ತಿದ ಮರದ ಕಡ್ಡಿಗಳನ್ನು ಅತ್ತಿತ್ತ ಹಾಯಿಸಿ ಲೇಸು ಹೆಣೆಯುವವರ ಮನೆ ಸದ್ದಿಲ್ಲದೆ ಇರುವುದುಂಟೇ? ಗಲ್ಲಿಯವರು ಅವಳಿಗೆ ಟಕಟಕಮ್ಮ ಎಂದೇ ಹೆಸರಿಟ್ಟಿದ್ದರು. ಮೂವತ್ತೊಂದು ವರ್ಷ ಲೇಸು ಕಾರ್ಖಾನೆಯಲ್ಲಿ ದುಡಿದವಳು ಹೋದ ವರ್ಷ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿತು, ಬೆರಳುಗಳು ಮಾತ್ರ ಹೇಳಿದ ಮಾತು ಕೇಳುವುದನ್ನು ಬಿಟ್ಟವು. ನೋಡಲು ಬಂದವರೆಲ್ಲ "ಸಾಕು ಬಿಡಿ, ಇನ್ನಾದ್ರೂ ಆರಾಮಾಗಿರಿ" ಎನ್ನುವವರೇ. ಆರಾಮ ಎಂದರೆ ಸಾಕು, ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಕಾರ್ಖಾನೆಗೆ ಹೋಗಿ, ಮತ್ತೆ ಕೆಲಸ ಕೊಡಿ ಎಂದು ಮೇಲ್ವಿಚಾರಕಿಯ ಮುಂದೆ ನಿಂತೇಬಿಟ್ಟಳು. ಆಕೆ ಖಡಕ್ ಹೆಂಗಸು, ಮುಖ ನೋಡಿ ಮಣೆ ಹಾಕುವವಳಲ್ಲ. "ದುಂಡನೆಯ ಅಂಚು ಒಂದು ಮಾಡ್ಕೊಂಡು ಬನ್ನಿ. ಎಲ್ಲಿ ಶುರು, ಎಲ್ಲಿ ಕೊನೆ ಅಂತ ನನಗೆ ಗೊತ್ತಾಗಬಾರದು. ಗೊತ್ತಾದ್ರೆ ಮನೇಲೇ ಇರಿ."

ಬೆರಳಗಲದ ಪಟ್ಟಿ ಅದು. ಬಳುಕುತ್ತಾ ಬಂದು ತನ್ನದೇ ಹಳೆಯ ಅಂಚಿನ ಪಕ್ಕ ಹಾದಾಗಲೆಲ್ಲ ಅಲ್ಲಿ ಕೂಡಿಸಬೇಕು. ಕೊಕ್ಕೆಮೂತಿಯ ಕ್ರೋಶಾ ಕಡ್ಡಿಯನ್ನು ಆ ಅಂಚಿನ ಕುಣಿಕೆಯಲ್ಲಿ ತೂರಿಸಿ, ಒಂದು ದಾರವನ್ನು ಸಣ್ಣ ಉಂಗುರದಂತೆ ಮೇಲೆಳೆದು, ಜೊತೆಯ ದಾರವನ್ನು ಅದರ ಮರದ ಕಡ್ಡಿಸಮೇತ ಅದರೊಳಗೆ ದಾಟಿಸಿ, ಮೆಲ್ಲಗೆ ಬಿಗಿಯಬೇಕು. ಬಿಗಿ ಹೆಚ್ಚಾದರೆ ಲೇಸು ಮುದುಡುತ್ತದೆ, ಕಡಿಮೆಯಾದರೆ ಬಾಯಿ ಬಿಡುತ್ತದೆ. ಬಲಗೈ ಹಠ ಹಿಡಿಯಿತು. ಸರಿ, ಕ್ರೋಶಾ ಕಡ್ಡಿಯನ್ನು ಎಡಗೈಗೆ ಕೊಟ್ಟಳು. ಮೊದಲ ವಾರ ಅದು ಮಾಡಿದ ಅವಾಂತರ ಅಷ್ಟಿಷ್ಟಲ್ಲ. ಮೂರನೆಯ ವಾರಕ್ಕೆ ದಾರಿಗೆ ಬಂತು.

ಇಪ್ಪತ್ತೆರಡನೆಯ ದಿನ ಪಟ್ಟಿಯ ತುದಿ ಸುತ್ತಿ ಬಂದು ಮೊದಲಿನ ಜಾಗ ಮುಟ್ಟಿತು. ಶುರುವಿನ ಕುಣಿಕೆಗಳಿಗೆ ಒಂದೊಂದೇ ದಾರ ಕೂಡಿಸಿದರೆ ಆಯಿತು. ನೋಡಿದರೆ ಕುಣಿಕೆಗಳೇ ಇಲ್ಲ! ಕುಣಿಕೆಗಳನ್ನು ದಿಂಬಿಗೆ ಹಿಡಿದಿಡುವ ಗುಂಡುಸೂಜಿ ಮನೆಯಲ್ಲಿ ಸಾಲದೆ, ಶುರುವಿನವನ್ನು ಎರಡನೆಯ ದಿನವೇ ಕಿತ್ತು ಮುಂದಕ್ಕೆ ಚುಚ್ಚಿಕೊಂಡಿದ್ದಳು. ಆಸರೆ ತಪ್ಪಿದ ದಾರಗಳು ಕಡ್ಡಿಗಳ ಭಾರಕ್ಕೆ ಎಳೆದುಕೊಂಡು ಕುಣಿಕೆಗಳು ಮುಚ್ಚಿಹೋಗಿದ್ದವು. ಹೊಸದಾಗಿ ಕಲಿಯಲು ಬಂದವರನ್ನೆಲ್ಲ "ಶುರುವಿನ ಸೂಜಿ ಮುಟ್ಟಿದ್ರೆ ಕೈ ಮುರೀತೀನಿ" ಎಂದು ಹೆದರಿಸುತ್ತಿದ್ದವಳು ಅವಳೇ. ತಲೆ ಮೇಲೆ ಕೈಹೊತ್ತು ಕೂತಳು.

ಸೈಕಲ್ ಅಂಗಡಿಯಿಂದ ಊಟಕ್ಕೆ ಬಂದ ಗಂಡ ಇಣುಕಿ ನೋಡಿದ. "ತುದಿಗೆ ತುದಿ ಕೂಡಲ್ವಾ? ಒಂದರ ಮೇಲೊಂದು ಹಾಕಿ ಅಂಟಿಸು ಕಣೇ."

"ರೀ, ಲೇಸು ಅಂದ್ರೇನು ನಿಮ್ಮ ಪಂಕ್ಚರ್ ಟ್ಯೂಬಾ?"

ಬೈದಳೇನೋ ನಿಜ. ಅವನು ಆಚೆ ಹೋದದ್ದೇ ತಡ, ಅದನ್ನೇ ಮಾಡಿದಳು. ಪಟ್ಟಿಯನ್ನು ಶುರುವಿನ ಮೇಲೆಯೇ ನಾಲ್ಕು ಸಾಲು ಹೆಣೆದು, ಅಡಿಯ ಪಟ್ಟಿಯ ಎರಡೂ ಪಕ್ಕದ ಕುಣಿಕೆಗಳಿಗೆ ಕೂಡಿಸಿ, ದಾರಗಳನ್ನು ಗಂಟು ಹಾಕಿ ಕತ್ತರಿಸಿದಳು.

ಮೇಲ್ವಿಚಾರಕಿ ಅಂಚನ್ನು ಬೆಳಕಿಗೆ ಹಿಡಿದು ಒಂದು ಸುತ್ತು ನೋಡಿದಳು. ಇನ್ನೊಂದು ಸುತ್ತು ನೋಡಿದಳು. ಮೂರನೆಯ ಸುತ್ತಿಗೆ ಕಣ್ಣು ಮುಚ್ಚಿ ಹೆಬ್ಬೆರಳು ಸವರುತ್ತಾ ಹೋಗಿ, ನಿಂತಳು. "ಇಲ್ಲಿ. ಎರಡು ಪದರ ಇದೆ."

ಸುಳ್ಳು ಹೇಳಲು ಟಕಟಕಮ್ಮನಿಗೆ ಮನಸ್ಸಾಗಲಿಲ್ಲ. "ಶುರುವಿನ ಸೂಜಿ ಕಿತ್ತುಬಿಟ್ಟೆ, ಮೇಡಂ. ನನ್ನದೇ ತಪ್ಪು."

"ನೀವಾ? ಸೂಜಿ ಕಿತ್ತದ್ದು?" ಆಕೆಗೆ ನಗು ತಡೆಯಲಾಗಲಿಲ್ಲ. ಆಮೇಲೆ ಮತ್ತೆ ಲೇಸಿಗೆ ಬಗ್ಗಿದಳು. "ಮಿಕ್ಕ ಕಡೆಯೆಲ್ಲ ಕೂಡಿಸಿದ್ದು ಯಾವ ಕೈ?"

"ಎಡಗೈ."

"ಒಂದೂ ಮುದುಡಿಲ್ಲ."

ಆಕೆ ಎದ್ದು ಬೀರುವಿನಿಂದ ತೋಳುದ್ದದ ಕಾಗದದ ಸುರುಳಿ ತಂದು ಮೇಜಿನ ಮೇಲೆ ಬಿಚ್ಚಿದಳು. ದೊಡ್ಡ ಮೇಜುಹಾಸಿನ ನಕ್ಷೆ ಅದು, ಅಂಚಿನಿಂದ ಅಂಚಿಗೆ ಬರೀ ಬಳುಕುವ ಪಟ್ಟಿಯೇ. "ಎಂಟು ತಿಂಗಳು ಹಿಡಿಯುತ್ತೆ. ಮಧ್ಯದಲ್ಲಿ ಇನ್ನೊಬ್ಬರ ಕೈಗೆ ಕೊಡೋ ಹಾಗಿಲ್ಲ. ಕೈ ಬದಲಾದ್ರೆ ಲೇಸೇ ಬೇರೆ ಆಗುತ್ತೆ, ನಿಮಗೆ ಗೊತ್ತಲ್ಲ."

ವರ್ಷದಿಂದ ಅವಳ ಕೈಯನ್ನು ಯಾರೂ ಒಂದು ದಿನದ ಕೆಲಸಕ್ಕೂ ನಂಬಿರಲಿಲ್ಲ. ಟಕಟಕಮ್ಮನಿಗೆ ಅಳು ನುಗ್ಗಿ ಬಂತು. ನಾಚಿಕೆಯಿಲ್ಲದೆ ಅತ್ತಳು. ಮೂಗು ಒರೆಸಿಕೊಂಡು ನಕ್ಷೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಎಂಟು ಯಾಕೆ ಮೇಡಂ? ಏಳು ಸಾಕು."