ಲೋಕಲ್ ಕಂಬ ಹಿಡಿದ ಕೈಗೆ ಲಗಾಮು

"ಡಿಗ್ರಿ ಮಾಡಿದಷ್ಟು ಸುಲಭ ಅಲ್ಲ ಮಾರಾಯ್ತಿ, ಕುದುರೆ ನಿನ್ನಿಂದ ಆಗ್ಲಿಕ್ಕಿಲ್ಲ!" ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ನನ್ನ ಸೋದರಮಾವ ಹೇಳಿದ ಈ ಮಾತು ನಿಜವಾಗುವುದರಲ್ಲಿತ್ತು. ಸವಾರಿ ತರಬೇತಿಯ ಕೊನೆಯ ದಿನ, ಬದಲಾಪುರದಾಚೆಯ ಗುಡ್ಡದ ದಾರಿ. ಗಾಳಿಮಳೆಗೆ ಎದುರಿನದೇನೂ ಕಾಣುತ್ತಿರಲಿಲ್ಲ. ನನ್ನ ಕುದುರೆ ರಾಣಿ ಮುಂದೆ ಹೋಗುವ ಬದಲು ಕಣಿವೆಯ ಕಡೆಗೆ ಹಿಂದೆ ಸರಿಯುತ್ತಿತ್ತು.

ಕುದುರೆಯ ಮೇಲೇ ತುದಿ ತಲುಪದಿದ್ದರೆ ಸರ್ಟಿಫಿಕೇಟ್ ಇಲ್ಲ. ನಮ್ಮ ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವಳು ನಾನು, ಅರ್ಧ ದಾರಿಯಲ್ಲಿ ಇಳಿಯುವ ಜಾಯಮಾನ ನನ್ನದಲ್ಲ. ಆದರೆ ದಿನವೂ ಲೋಕಲ್ ರೈಲಿನ ಬಾಗಿಲ ಕಂಬ ಹಿಡಿದು ನೇತಾಡುವ ಕೈ ನೋಡಿ! ಹೆದರಿದಷ್ಟೂ ಲಗಾಮನ್ನು ಎದೆಗೆ ಎಳೆದುಕೊಂಡೆ. ಎಳೆದಷ್ಟೂ ರಾಣಿ ಹಿಂದೆ ಹಿಂದೆ.

"ಅಹೋ ಮ್ಯಾಡಮ್, ಹೀ ಲೋಕಲ್ ನಾಹೀ! ಲಗಾಮ್ ಸೈಲ್ ಸೋಡಾ!" ಇದು ಲೋಕಲ್ ಅಲ್ಲ, ಲಗಾಮು ಸಡಿಲ ಬಿಡಿ ಎಂದು ತರಬೇತುದಾರರು ಹಿಂದಿನಿಂದ ಮರಾಠಿಯಲ್ಲಿ ಕೂಗಿದರು.

ಕಣ್ಣು ಮುಚ್ಚಿ, ಗಂಟಲು ಹರಿಯುವಂತೆ ಕಿರುಚುತ್ತಾ ಕೈ ಸಡಿಲಿಸಿದೆ. ರಾಣಿ ತಲೆ ಕೊಡವಿ, ಏನೂ ಆಗೇ ಇಲ್ಲವೆಂಬಂತೆ ಸರಸರನೆ ಗುಡ್ಡ ಹತ್ತಿತು.

ಜೀಪಿನಲ್ಲಿ ಮೊದಲೇ ತುದಿ ಸೇರಿ ಚಹಾ ಕುಡಿಯುತ್ತಿದ್ದ ಮಾವನ ಎದುರೇ ಸರ್ಟಿಫಿಕೇಟ್ ನನ್ನ ಕೈಗೆ ಬಂತು. ಮಾವ ಅದನ್ನೊಮ್ಮೆ, ರಾಣಿಯನ್ನೊಮ್ಮೆ ನೋಡಿ ತರಬೇತುದಾರರಿಗೆ ಹೇಳಿದರು: "ಕುದುರೆಗೂ ಒಂದು ಕೊಡಿ ಮಾರಾಯ್ರೇ. ಇವಳ ಬೊಬ್ಬೆ ನನಗೆ ಇಲ್ಲಿಯವರೆಗೆ ಕೇಳಿತು, ಪಾಪ, ಅದರ ಕಿವಿ ಅಲ್ಲೇ ಇತ್ತಲ್ಲ!"