ರೂತ್‌ಳ ಕೈ ನಡುಗಲಿಲ್ಲ

ಅಜ್ನೀವ್ ತತೂಲಿಯನ್‌ಗೆ ಕೂತು ಸಿನಿಮಾ ನೋಡುವುದು ಆಗುತ್ತಿರಲಿಲ್ಲ. ಪರದೆಯ ಮೇಲೆ ಯಾರಾದರೂ ತಮ್ಮ ಸ್ವಭಾವಕ್ಕೆ ಒಗ್ಗದ ಮಾತಾಡಿದರೆ ಸಾಕು, ಚಪ್ಪಲಿಯೊಳಗೆ ಕಲ್ಲು ಹೊಕ್ಕವಳ ಹಾಗೆ ಎದ್ದು ಹೋಗಿ ಬಾಗಿಲ ಪಕ್ಕ ನಿಂತು, ಕಾಲು ಬದಲಿಸುತ್ತ ಉಳಿದದ್ದನ್ನು ನೋಡುವಳು. ಗೆಳತಿಯರು ಅವಳ ಜೊತೆ ಥಿಯೇಟರಿಗೆ ಹೋಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಇಂಥವಳಿಗೆ ಹೊಟ್ಟೆಪಾಡು ಸಿಕ್ಕಿದ್ದೂ ಸಿನಿಮಾದಲ್ಲೇ.

ಅವಳು ಕಣ್ಣು ಕಾಣದವರಿಗಾಗಿ ಸಿನಿಮಾ ಹೇಳುವವಳು. ಎರಡು ಮಾತುಗಳ ನಡುವೆ ಉಸಿರೆಳೆಯುವಷ್ಟು ಬಿಡುವು ಸಿಕ್ಕಿದರೆ ಅಲ್ಲಿ 'ಅವನು ಬಾಗಿಲು ತೆರೆಯುತ್ತಾನೆ, ಕೋಣೆ ಖಾಲಿ' ಎಂಬಂಥ ಒಂದು ಸಾಲು ಬರೆದು, ತಾನೇ ಓದಿ ಮುದ್ರಿಸಬೇಕು. ಥಿಯೇಟರಿನಲ್ಲಿ ಕೇಳುವವರು ಕಿವಿಗೆ ಯಂತ್ರ ಹಾಕಿಕೊಂಡು ಕೂತಿರುತ್ತಾರೆ. ಬರ್‌ಬ್ಯಾಂಕಿನ ಒಂದು ಸಣ್ಣ ಕಂಪನಿಯಲ್ಲಿ ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಮದುವೆ ಒಂದಾಗಿ ಮುರಿದಿತ್ತು, ಮಕ್ಕಳಿರಲಿಲ್ಲ. ಗ್ಲೆಂಡೇಲಿನಲ್ಲಿ ಸೋದರಮಾವ ಗರಬೇದನ ಮನೆಯ ಮೇಲಿನ ಮಹಡಿಯಲ್ಲಿ ಇದ್ದಳು.

ಆ ಕೆಲಸಕ್ಕೆ ಅವಳನ್ನು ಹಚ್ಚಿದ್ದೂ ಒಂದು ರೀತಿಯಲ್ಲಿ ಗರಬೇದನೇ. ಬೇರೂತಿನಿಂದ ಬಂದು, ಬೂಟು ರಿಪೇರಿ ಅಂಗಡಿ ಇಟ್ಟು, ಅಕ್ಕನ ಸಂಸಾರವನ್ನೂ ಕರೆಸಿಕೊಂಡವನು. ಅರವತ್ತು ದಾಟುವಷ್ಟರಲ್ಲಿ ಕಣ್ಣಿನೊಳಗಿನ ಒತ್ತಡ ಏರಿ ಎರಡೂ ಕಣ್ಣು ಹೋದವು. ಆದರೂ ಸಾಹಸವೀರರ ಸಿನಿಮಾದ ಹುಚ್ಚು ಹೋಗಲಿಲ್ಲ. ಹುಡುಗನಾಗಿದ್ದಾಗ ಕದ್ದು ಓದಿದ ಕಾಮಿಕ್ಸ್ ಪುಸ್ತಕಗಳ ರುಚಿ ಅದು. ಅಜ್ನೀವ್ ಪಕ್ಕದಲ್ಲಿ ಕೂತು ಪಿಸುಗುಡುತ್ತಿದ್ದಳು, ಹಿಂದಿನ ಸಾಲಿನವರು 'ಶ್' ಎನ್ನುತ್ತಿದ್ದರು. ಒಂದು ದಿನ ಹಾಗೆ ಶ್ ಎಂದ ಹೆಂಗಸೇ ಸಿನಿಮಾ ಮುಗಿದ ಮೇಲೆ ಹತ್ತಿರ ಬಂದು, ಇದಕ್ಕೆ ಸಂಬಳ ಕೊಡುವವರಿದ್ದಾರೆ ಗೊತ್ತಾ ಎಂದಳು. ಆಕೆ ಪ್ರಿಸಿಲ್ಲಾ ಓಡಮ್, ಆ ಕಂಪನಿಯ ಯಜಮಾನಿ.

ಮಾರ್ಚಿನಲ್ಲಿ ಬಂದ ಸಿನಿಮಾ ಆರು ಜನ ವೀರರ ಒಂದು ತಂಡದ್ದು. ಅವರಲ್ಲಿ ರೂತ್ ಎಂಬವಳು ಎದುರಿಗೆ ಬರುವ ಯಾವ ವಸ್ತುವನ್ನಾದರೂ ಗಾಳಿಯಲ್ಲೇ ನಿಲ್ಲಿಸಬಲ್ಲಳು. ತನ್ನ ಕೈಯಿಂದಲೇ ತಮ್ಮ ಸತ್ತನೆಂದು, ಇನ್ನು ಯಾರ ಜೀವವನ್ನೂ ತೆಗೆಯುವುದಿಲ್ಲ ಎಂದು ಮೊದಲ ಭಾಗದಲ್ಲಿ ಅತ್ತು ಆಣೆ ಮಾಡುತ್ತಾಳೆ. ಕೊನೆಗೆ ಬರುವಾಗ, ಶರಣಾಗಿ ಮೊಣಕಾಲೂರಿದ ಶತ್ರುವಿನ ಮೇಲೆ ಸೇತುವೆಯನ್ನೇ ಕೆಡವಿ, ಒಂದು ತಮಾಷೆಯ ಮಾತು ಹೇಳಿ ಹೋಗುತ್ತಾಳೆ. ತಂಡದಲ್ಲಿ ಯಾರೂ ಏನೂ ಕೇಳುವುದಿಲ್ಲ. ನಾಯಕ ಕೇಲೆಬನಿಗೆ ನೀರೆಂದರೆ ಪ್ರಾಣಭಯ. ಅದನ್ನು ಅವನು ಮೂರು ಸಲ ಬಾಯಿಬಿಟ್ಟು ಹೇಳುತ್ತಾನೆ. ನಾಲ್ಕನೇ ಸಲ ನೀರು ಬಂದಾಗ ಧುಮುಕಿ ಮೀನಿನಂತೆ ಈಜುತ್ತಾನೆ.

ಅಜ್ನೀವ್ ನೋಡಿದಳು, ಎದ್ದಳು, ಕೋಣೆಯಲ್ಲಿ ಸುತ್ತಿದಳು.

"ಏನೇ, ನನ್ನ ಕಾರ್ಪೆಟ್ ಸವೆಸ್ತಾ ಇದೀಯ?" ಎಂದು ಪ್ರಿಸಿಲ್ಲಾ ಬಾಗಿಲಲ್ಲಿ ನಿಂತಳು.

"ಇದನ್ನ ಬರೆದವರು ಒಬ್ಬರಾ, ಹತ್ತು ಜನರಾ? ಮುಂದಿನ ಪುಟ ಬರೆದವನು ಹಿಂದಿನ ಪುಟ ಓದೇ ಇಲ್ಲ."

"ಅದು ಅವರ ಹಣೆಬರಹ. ನೀನು ಕಂಡದ್ದು ಹೇಳು, ಅಷ್ಟೇ. ಶುಕ್ರವಾರ ಕಳಿಸ್ಬೇಕು."

ಕಂಡದ್ದು ಹೇಳುವುದು ಆ ಕಸುಬಿನ ಮೊದಲ ಪಾಠ. ಅದನ್ನು ಹೊಸಬರಿಗೆ ಕಲಿಸುತ್ತಿದ್ದವಳೇ ಅಜ್ನೀವ್. ಆದರೆ ಸೇತುವೆಯ ದೃಶ್ಯಕ್ಕೆ ಬಂದಾಗ ಅವಳ ಬೆರಳು ನಿಂತಿತು. ರೂತ್ ಆಗಿದ್ದ ನಟಿ ಸುಮ್ಮನೆ ನಿಂತಿದ್ದಳು, ಮುಖದಲ್ಲಿ ಏನೂ ಇರಲಿಲ್ಲ. ಐದು ಸೆಕೆಂಡಿನ ಬಿಡುವಿತ್ತು. ಅಜ್ನೀವ್ ಪರದೆಯ ಮೇಲಿಲ್ಲದ ಎರಡು ಸಾಲು ಬರೆದಳು: 'ರೂತ್‌ಳ ಕೈ ನಡುಗುತ್ತದೆ. ತಮ್ಮನ ಗಡಿಯಾರವನ್ನು ಮುಟ್ಟಿ ಕಣ್ಣು ಮುಚ್ಚುತ್ತಾಳೆ.' ಬರೆದು ಓದಿ ನೋಡಿದಳು. ರೂತ್‌ಗೆ ಜೀವ ಬಂದಿತ್ತು. ಒಳ್ಳೆಯವಳೊಬ್ಬಳು ಕೆಟ್ಟ ಕೆಲಸ ಮಾಡಿ, ಅದನ್ನು ಮುಚ್ಚಲು ನಗೆಯಾಡುತ್ತಿದ್ದಾಳೆ ಎಂದು ಯಾರಿಗಾದರೂ ತಿಳಿಯುವಂತಿತ್ತು. ಆಮೇಲೆ ಕೇಲೆಬನನ್ನು ನೀರಿನಂಚಿಗೆ ತಂದು, ಒಂದು ಹೆಜ್ಜೆ ಹಿಂದೆ ಸರಿಸಿ, ಹಲ್ಲು ಕಚ್ಚಿಸಿದಳು. ಇನ್ನೂ ನಾಲ್ಕೈದು ಕಡೆ ಹೀಗೇ ಒಂದೊಂದು ಹೊಲಿಗೆ ಹಾಕಿದಳು. ಪ್ರಿಸಿಲ್ಲಾ ಅವಸರದಲ್ಲಿದ್ದಳು. ಅಜ್ನೀವ್‌ಳ ಕೆಲಸವನ್ನು ಅವಳು ತಿರುಗಿ ನೋಡುತ್ತಲೂ ಇರಲಿಲ್ಲ.

ಸಿನಿಮಾ ಬಿಡುಗಡೆಯಾದ ವಾರ ಗರಬೇದ್ ನೋಡಿ ಬಂದವನು ಮೆಟ್ಟಿಲ ಕೆಳಗಿನಿಂದಲೇ ಕೂಗಿ ಕರೆದ. "ಎಂಥಾ ಸಿನಿಮಾ ಕಣೇ. ಆ ಹುಡುಗಿ ತಮ್ಮನ ವಾಚು ಮುಟ್ಟಿಕೊಂಡಳಲ್ಲ, ನನ್ನ ಎದೆ ಹಿಂಡಿಬಿಡ್ತು. ಇಷ್ಟು ವರ್ಷಕ್ಕೆ ಒಬ್ಬರಾದ್ರೂ ತಲೆ ಇಟ್ಟು ಬರೆದಿದಾರೆ."

ಅಜ್ನೀವ್‌ಗೆ ಹಿಗ್ಗಾಯಿತು. ಆದರೆ ಆ ವಾರವಿಡೀ ಹಿಡಿದ ಕೆಲಸ ಒಂದೂ ಮುಗಿಯಲಿಲ್ಲ. ಕಾಫಿ ಒಲೆಯ ಮೇಲಿಟ್ಟು ಉಕ್ಕಿಸಿದಳು. ಮಾವ ಮಾತಾಡುವಾಗ ಏನೋ ನೆನಪಾದವಳಂತೆ ಎದ್ದು ಹೋದಳು.

ಭಾನುವಾರ ಮಧ್ಯಾಹ್ನ ಪಾರ್ಕಿನಿಂದ ಮಾವನನ್ನು ಕರೆತರಲು ಹೋದಳು. ಅಲ್ಲಿ ಮುದುಕರು ಮರದ ಕೆಳಗೆ ಕೂತು, ಪಗಡೆಯಂಥ ತಾವ್ಲು ಆಡುತ್ತಾರೆ. ಗರಬೇದ್ ಕಾಯಿಗಳನ್ನು ಬೆರಳಲ್ಲೇ ತಡವಿ ಆಡಬಲ್ಲ. ಆದರೆ ಅವತ್ತು ಹಲಗೆ ಬಿಟ್ಟು ಜಗಳ ನಡೆದಿತ್ತು. ಎದುರಿಗಿದ್ದವನು ಬೆದ್ರೋಸ್, ಒಡವೆ ಅಂಗಡಿ ಮಗನಿಗೆ ಬಿಟ್ಟುಕೊಟ್ಟು ಈಗ ನಾಲಿಗೆಯೊಂದನ್ನೇ ಉಳಿಸಿಕೊಂಡವನು.

"ಮೊಮ್ಮಕ್ಕಳ ಜೊತೆ ನಾನೂ ನೋಡಿದೀನಯ್ಯಾ," ಎನ್ನುತ್ತಿದ್ದ ಬೆದ್ರೋಸ್. "ಕಸ. ಆ ರೂತ್ ಮೊದಲು ಸನ್ಯಾಸಿನಿ, ಕೊನೆಗೆ ಕಟುಕಿ. ನಡುವೆ ಏನಾಯ್ತೋ ದೇವರಿಗೇ ಗೊತ್ತು."

"ನಿನಗೆ ಕಣ್ಣಿದ್ದೂ ಕಾಣಲ್ಲ. ಅವಳ ಕೈ ನಡುಗಿದ್ದು ನೋಡಲಿಲ್ವಾ? ತಮ್ಮನ ವಾಚು ಮುಟ್ಟಿದ್ದು?"

"ಯಾವ ವಾಚು? ಅವಳ ಕೈಯಲ್ಲಿ ವಾಚೇ ಇಲ್ಲ, ಮೊಣಕೈವರೆಗೂ ಕಬ್ಬಿಣದ ಗವಸು."

ಸುತ್ತಲಿದ್ದವರು ನಕ್ಕರು. ಯಾರೋ, ಪಾಪ ಬಿಡು, ಕೇಳಿಸಿಕೊಂಡದ್ದು ತಪ್ಪಿರಬೇಕು ಎಂದರು. ಆ ಪಾಪ ಎಂಬ ಮಾತಿಗೆ ಗರಬೇದನ ಕುತ್ತಿಗೆ ಕೆಂಪಾಯಿತು. ಅಷ್ಟರಲ್ಲಿ ಬೆದ್ರೋಸ್ ಅವಳನ್ನು ಕಂಡ. "ಬಾಮ್ಮ, ನೀನೇ ಹೇಳು. ಬರೆದವಳು ನೀನೇ ಅಲ್ವಾ? ವಾಚಿತ್ತಾ?"

"ಹೊತ್ತಾಯ್ತು ಮಾವ, ಹೋಗೋಣ," ಎಂದಳು ಅಜ್ನೀವ್. ಗರಬೇದ್ ಅವಳಿದ್ದ ಕಡೆಗೆ ಮುಖ ತಿರುಗಿಸಿದ. ಅವನಿಗೆ ಅಷ್ಟರಲ್ಲೇ ಗೊತ್ತಾಯಿತು. ಕೋಲು ಹುಡುಕಿಕೊಂಡು ಎದ್ದ.

ಕಾರಿನಲ್ಲಿ ಕೂತ ಮೇಲೆ ಕೇಳಿದ. "ಕೈ ನಡುಗ್ತಾ?"

"ಇಲ್ಲ ಮಾವ."

"ಕೇಲೆಬ್ ಹಿಂದೆ ಸರಿದದ್ದು?"

"ಅದೂ ನಾನೇ. ಅವನು ಸುಮ್ನೆ ಹಾರಿದ."

"ಯಾಕೆ ಹೀಗೆ ಮಾಡ್ದೆ?"

"ಅಷ್ಟು ಕೆಟ್ಟದಾಗಿ ಬರೆದಿದ್ರು. ನಿಂಗೆ ಆ ಹರಕಲನ್ನೇ ಕೊಡೋಕೆ ಮನಸ್ಸು ಬರಲಿಲ್ಲ."

"ಹರಕಲಾದ್ರೆ ಹರಕಲನ್ನೇ ಕೊಡು. ಬೆದ್ರೋಸ್ ಕೂತು ಹೊಟ್ಟೆತುಂಬ ಬೈದ. ನಾನೂ ಟಿಕೆಟ್ ತಗೊಂಡವನೇ, ನಂಗೂ ಬೈಯ್ಬೇಕಿತ್ತು. ನೀನು ನನ್ನನ್ನ ಬೇರೆ ಯಾವುದೋ ಸಿನಿಮಾದಲ್ಲಿ ಒಬ್ಬನೇ ಕೂರಿಸಿಬಿಟ್ಟೆ."

ಅವಳು ಕ್ಷಮೆ ಕೇಳಿದಳು. ಅವನು ಕಿಟಕಿಯ ಗಾಜು ಇಳಿಸಿದ.

ಮರುದಿನ ಪ್ರಿಸಿಲ್ಲಾಳ ಎದುರು ನಿಂತು ಎಲ್ಲವನ್ನೂ ಹೇಳಿದಳು. ಪ್ರಿಸಿಲ್ಲಾ ಪೆನ್ನನ್ನು ಮೇಜಿನ ಮೇಲಿಟ್ಟಳು. "ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ನೀನೇ ಬಂದು ಅವರನ್ನ ಕಿತ್ತುಹಾಕು ಅಂತಿದ್ದೆ," ಎಂದಳು. ಕಿತ್ತುಹಾಕಲಿಲ್ಲ. ಸ್ಟುಡಿಯೊಗೆ ಫೋನು ಮಾಡಿ, ನಮ್ಮ ಕಡೆಯಿಂದ ತಪ್ಪಾಗಿದೆ, ಹೊಸ ಧ್ವನಿ ಕಳಿಸುತ್ತೇವೆ ಎಂದಳು. ಅಜ್ನೀವ್ ಎಲ್ಲ ಹೊಲಿಗೆಯನ್ನೂ ಬಿಚ್ಚಿದಳು. ಸೇತುವೆಯ ದೃಶ್ಯಕ್ಕೆ 'ರೂತ್ ನಿಂತಿದ್ದಾಳೆ' ಎಂದಷ್ಟೇ ಓದಿದಳು. ಉಳಿದ ಸೆಕೆಂಡುಗಳು ಹಾಗೇ ಖಾಲಿ ಬಿದ್ದವು. ಅದಾದ ಮೇಲೆ ದೊಡ್ಡ ಸಿನಿಮಾಗಳು ಅವಳ ಮೇಜಿಗೆ ಬರುವುದು ನಿಂತಿತು. ಅಡುಗೆ ಸ್ಪರ್ಧೆ, ಮನೆ ಕೆಡವಿ ಕಟ್ಟುವ ಕಾರ್ಯಕ್ರಮ, ಇಂಥವೇ ಬಂದವು.

ಗರಬೇದ್ ಮಾತು ಬಿಡಲಿಲ್ಲ, ಅದಕ್ಕಿಂತ ಕಷ್ಟದ ಕೆಲಸ ಮಾಡಿದ. ಅವಳು ಹೇಳಿದ್ದನ್ನು ಇನ್ನೊಬ್ಬರಲ್ಲಿ ಕೇಳತೊಡಗಿದ. ಹೊರಗೆ ಮೋಡವಿದೆ ಎಂದರೆ ಪಕ್ಕದ ಮನೆಯವಳನ್ನು ಕೂಗಿ ಮೋಡವಿದೆಯಾ ಎನ್ನುವನು. ಅಜ್ನೀವ್ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುವಳು.

ಜೂನಿನಲ್ಲಿ ಆ ಸಿನಿಮಾ ಮನೆಯ ಟೀವಿಗೆ ಬಂತು. ಹಾಕು ಎಂದ. ಇಬ್ಬರೂ ಖೀಮಾ ಹಚ್ಚಿ ಸುಟ್ಟ ರೊಟ್ಟಿ, ಲಹ್ಮಜೂನಿನ ತಟ್ಟೆ ಇಟ್ಟುಕೊಂಡು ಕೂತರು. ಸೇತುವೆ ಬಂತು. ಅವಳದೇ ಧ್ವನಿ, ರೂತ್ ನಿಂತಿದ್ದಾಳೆ ಎಂದಿತು. ಗರಬೇದ್ ಅಗಿಯುವುದನ್ನು ನಿಲ್ಲಿಸಿದ.

"ಮುಖದಲ್ಲಿ?"

"ಏನೂ ಇಲ್ಲ."

"ಹುಬ್ಬು ಕೂಡ ಅಲುಗಲ್ವಾ?"

"ಇಲ್ಲ ಮಾವ."

ಅವನು ಬರೆದವರನ್ನೂ ಅವರ ಅಪ್ಪಂದಿರನ್ನೂ ಸೇರಿಸಿ, ಬೇರೂತಿನ ಓಣಿಯಲ್ಲಿ ಕಲಿತ ಬೈಗುಳವನ್ನೆಲ್ಲ ಸಾವಕಾಶವಾಗಿ ಬೈದ. ಬೈದು ಮುಗಿಸಿದಾಗ ಹಗುರಾದಂತೆ ಕಂಡ. ಆಮೇಲೆ ತಟ್ಟೆಯನ್ನು ಬದಿಗಿಟ್ಟು, ಟೀವಿ ಆರಿಸು ಎಂದ.

"ನಿಮ್ಮಮ್ಮ ಹೋದಾಗ ಮುಖ ಹೇಗಿತ್ತು ಅಂತ ಕೇಳಿದ್ದೆ. ಶಾಂತವಾಗಿತ್ತು ಅಂದಿದ್ದೆ ನೀನು."

ಅಜ್ನೀವ್ ಎದ್ದು ನಿಂತಳು. ಕಿಟಕಿಯವರೆಗೆ ಹೋದಳು, ಬಂದಳು. ಅದು ಸುಳ್ಳಲ್ಲ ಎನ್ನಬೇಕೆನಿಸಿತು. ಆದರೆ ಶಾಂತ ಎಂಬುದು ಅವಳು ಕಂಡದ್ದಲ್ಲ, ಹೇಳಲು ಹುಡುಕಿಕೊಂಡ ಮಾತು.

"ಬಾಯಿ ಸ್ವಲ್ಪ ತೆರೆದಿತ್ತು," ಎಂದಳು. "ಎಡಗಣ್ಣು ಪೂರ್ತಿ ಮುಚ್ಚಿರಲಿಲ್ಲ. ನರ್ಸ್ ಮುಚ್ಚಿದಳು, ಮತ್ತೆ ತೆರೆದುಕೊಂಡಿತು. ಹಣೆಯಲ್ಲಿ ಗೆರೆ ಇರಲಿಲ್ಲ. ಕೂದಲು ಒಂದು ಕಡೆಗೆ ಬಿದ್ದಿತ್ತು. ಕೈ ಹಾಸಿಗೆ ಬಟ್ಟೆಯನ್ನ ಹಿಡ್ಕೊಂಡಿತ್ತು, ಬಿಡಿಸಬೇಕಾಯ್ತು."

ಗರಬೇದ್ ತಲೆ ತಗ್ಗಿಸಿ ಕೇಳಿದ. ಯಾವ ಕೈ ಎಂದ. ಬಲಗೈ ಎಂದಳು. ಅವನು ತನ್ನ ಬಲಗೈಯನ್ನು ಮುಷ್ಟಿ ಹಿಡಿದು ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡ.

"ಸರಿ," ಎಂದ. "ಈಗ ಕಾಫಿ ಮಾಡು."

ಮುಂದಿನ ಭಾನುವಾರ ಅವನು ಪಾರ್ಕಿಗೆ ಹೋಗಿ, ಆ ಸಿನಿಮಾವನ್ನು ಬೆದ್ರೋಸನಿಗಿಂತ ಚೆನ್ನಾಗಿ ಬೈದನಂತೆ. ಪಕ್ಕದ ಮನೆಯವಳನ್ನು ಕೂಗಿ ಕೇಳುವುದನ್ನು ಯಾವಾಗ ಬಿಟ್ಟನೆಂದು ಅಜ್ನೀವ್‌ಗೆ ಸರಿಯಾಗಿ ನೆನಪಿಲ್ಲ. ಪೂರ್ತಿ ಬಿಟ್ಟಿದ್ದಾನೆಂದೂ ಅವಳು ಹೇಳುವುದಿಲ್ಲ. ಅವಳೀಗ ಕೇಕಿಗೆ ಕೆನೆ ಹಚ್ಚುವವರನ್ನು ವರ್ಣಿಸುತ್ತಾಳೆ. ಅವರು ಮೊದಲಿನಿಂದ ಕೊನೆಯವರೆಗೆ ಒಂದೇ ಥರ ಇರುತ್ತಾರೆ, ಅಷ್ಟು ಮಟ್ಟಿಗೆ ನೆಮ್ಮದಿ ಎನ್ನುತ್ತಾಳೆ; ಆದರೂ ಅದನ್ನೂ ನಿಂತುಕೊಂಡೇ ನೋಡುತ್ತಾಳೆ.